ಹೈಕುವಿಗೆ ಕೋಡ್ ಕೊಡುವ ಮೊದಲು ಲೈಸೆನ್ಸ್ ನೋಡಿಕೊಳ್ಳುವ ಬಗೆ

ಬಿ ಕಂಪನಿ 2001ರಲ್ಲಿ ತನ್ನ ತಂತ್ರಾಂಶದ ಹಕ್ಕುಗಳನ್ನು ಪಾಮ್‌ಗೆ ಮಾರಿದಾಗ, ಅದು ತಯಾರಿಸಿದ್ದ ಬಿಓಎಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಬಳಸುತ್ತಿದ್ದವರ ಕೈಯಲ್ಲಿ ಉಳಿದದ್ದು ಕೊಂಡುಕೊಂಡ ಸಿಡಿ ಮಾತ್ರ. ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ತಿದ್ದಲು, ಹೊಸ ಯಂತ್ರಾಂಶಕ್ಕೆ ಹೊಂದಿಸಲು ಅವರಿಗೆ ಕೋಡೂ ಇರಲಿಲ್ಲ, ಹಕ್ಕೂ ಇರಲಿಲ್ಲ. ಆ ವ್ಯವಸ್ಥೆಯಿಂದ ಬದುಕಿ ಬಂದ ದೊಡ್ಡ ಭಾಗಗಳೆಂದರೆ ಕಡತಗಳನ್ನು ನೋಡಿಕೊಳ್ಳುವ ಟ್ರ್ಯಾಕರ್ ಮತ್ತು ಅದರ ಜೊತೆಗಾರ ಡೆಸ್ಕ್‌ಬಾರ್. ಕಂಪನಿ ಇವೆರಡರ ಕೋಡನ್ನು 2000ದಲ್ಲೇ ಮುಕ್ತ ಲೈಸೆನ್ಸಿನಲ್ಲಿ ಬಿಟ್ಟಿದ್ದರಿಂದ ಅವು ಉಳಿದವು. ಇವತ್ತು ಬಿಓಎಸ್ ಮಾದರಿಯಲ್ಲೇ ಸ್ವಯಂಸೇವಕರು ಕಟ್ಟುತ್ತಿರುವ ಹೈಕು ಎಂಬ ಮುಕ್ತ ವ್ಯವಸ್ಥೆಯ ಟ್ರ್ಯಾಕರ್ ಕೋಡ್ ತೆರೆದರೆ ಕಡತದ ನೆತ್ತಿಯಲ್ಲಿ ಓಪನ್ ಟ್ರ್ಯಾಕರ್ ಲೈಸೆನ್ಸ್ ಎಂಬ ತಲೆಬರಹವೂ ಅದರ ಕೆಳಗೆ ಬಿ ಕಂಪನಿಯ ಹೆಸರೂ ಹಾಗೆಯೇ ಇವೆ. ಮಿಕ್ಕಿದ್ದನ್ನೆಲ್ಲ ಸ್ವಯಂಸೇವಕರು ಬುನಾದಿಯಿಂದ ಬರೆಯಬೇಕಾಯಿತು. 2001ರಲ್ಲಿ ಶುರುವಾದ ಆ ಕೆಲಸದ ಮೊದಲ ಪರೀಕ್ಷಾ ಆವೃತ್ತಿ, ಅಂದರೆ ಆಲ್ಫಾ, ಬಂದದ್ದು 2009ರಲ್ಲಿ, ಮೊದಲ ಬೀಟಾ 2018ರಲ್ಲಿ.

ನಾನು ಹೈಕುವಿಗೆ ಪ್ಯಾಕೇಜುಗಳನ್ನು ಸಿದ್ಧಮಾಡುತ್ತೇನೆ, ಸಂಜೆ ಕಚೇರಿ ಮುಗಿದ ಮೇಲೆ. ಬೆಂಗಳೂರಿನ ಕಿರಿಯ ಗೆಳೆಯರು ಆಗಾಗ ತಮ್ಮ ಕೋಡ್ ತೋರಿಸುತ್ತಾರೆ. ಕೋಡ್ ಚೆನ್ನಾಗಿಯೇ ಇರುತ್ತದೆ. ಅದು ಯಾರದು, ಯಾವ ಷರತ್ತಿನ ಮೇಲೆ ಕೊಡುತ್ತಿದ್ದಾರೆ ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಅಂಥ ಕೋಡನ್ನು ಯಾರೂ ಒಳಗೆ ಸೇರಿಸಿಕೊಳ್ಳಲಾರರು. ಆದ್ದರಿಂದ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ನೀವು ಬರೆದದ್ದು ನಿಮ್ಮದೇ ತಾನೆ? ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ನೌಕರಿಯ ಭಾಗವಾಗಿ ಬರೆದ ಕೋಡಿನ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕ ಸಂಸ್ಥೆಯದು. ಹಲವು ನೇಮಕಾತಿ ಪತ್ರಗಳು ಇನ್ನೂ ಮುಂದೆ ಹೋಗಿ, ಬಿಡುವಿನ ವೇಳೆಯಲ್ಲಿ ಮಾಡಿದ್ದನ್ನೂ ಕಂಪನಿಗೆ ಸೇರಿಸಿಬಿಡುತ್ತವೆ. ನಿಮ್ಮ ಪತ್ರವನ್ನು ಹೊರತೆಗೆದು, ಬೌದ್ಧಿಕ ಆಸ್ತಿಯ ಬಗ್ಗೆ ಇರುವ ಪ್ಯಾರಾವನ್ನು ನಿಧಾನವಾಗಿ ಓದಿ. ಸಂದೇಹವಿದ್ದರೆ ಕಾನೂನು ವಿಭಾಗಕ್ಕೆ ಬರೆದು ಯೋಜನೆಯ ಹೆಸರು ಹೇಳಿ ಒಪ್ಪಿಗೆ ಪಡೆಯಿರಿ. ಮೇಲಧಿಕಾರಿ ಕಾಫಿ ಕುಡಿಯುವಾಗ ‘ಪರವಾಗಿಲ್ಲ, ಮಾಡಿ’ ಎಂದದ್ದು ಒಪ್ಪಿಗೆಯಲ್ಲ, ಬರಹದಲ್ಲಿ ಬೇಕು. ಕಚೇರಿಯ ಲ್ಯಾಪ್‌ಟಾಪ್ ಅಂತೂ ಬೇಡವೇ ಬೇಡ.

ಇನ್ನು ಲೈಸೆನ್ಸಿನ ಆಯ್ಕೆ. ಹೈಕುವಿನ ಮೂಲ ಕೋಡಿಗೆ ಸೇರುವ ಹೊಸ ಬರಹಕ್ಕೆ ಎಂಐಟಿ ಎಂಬ ಚಿಕ್ಕ, ಸಡಿಲವಾದ ಲೈಸೆನ್ಸ್ ಹಾಕುವುದು ಅಲ್ಲಿನ ರೂಢಿ. ಕಡತದ ಮೊದಲಿಗೆ ವರ್ಷ, ನಿಮ್ಮ ಹೆಸರು, ಎಂಐಟಿ ಷರತ್ತುಗಳಡಿ ಹಂಚಲಾಗಿದೆ ಎಂಬ ಒಂದು ಸಾಲು: ಇಷ್ಟು ಸಾಕು. ಎಂಐಟಿ ಕೇಳುವುದು ಒಂದೇ ಒಂದು: ಆ ಹಕ್ಕಿನ ಸೂಚನೆ, ಆ ಅನುಮತಿಯ ಪಠ್ಯ, ಪ್ರತಿಯೊಂದು ನಕಲಿನ ಜೊತೆಗೂ ಹೋಗಬೇಕು. ನೀವೇ ಬರೆದ ಪ್ರತ್ಯೇಕ ಅಪ್ಲಿಕೇಶನ್ನಿಗೆ ಜಿಪಿಎಲ್ ಎಂಬ ಲೈಸೆನ್ಸ್ ಹಾಕುವ ಸ್ವಾತಂತ್ರ್ಯ ನಿಮಗಿದೆ. ನಿಮ್ಮ ಕೋಡನ್ನು ತಿದ್ದಿ ಹಂಚುವವರು ತಿದ್ದಿದ್ದನ್ನೂ ಬಿಚ್ಚಿಡಬೇಕೆಂಬುದು ನಿಮ್ಮ ಆಸೆಯಾದರೆ ಅದೇ ಸರಿ. ಆದರೆ ‘ಪಬ್ಲಿಕ್ ಡೊಮೈನ್, ಏನು ಬೇಕಾದರೂ ಮಾಡಿ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ನಮ್ಮ ಕಾಯಿದೆಯ 21ನೇ ಕಲಮಿನಲ್ಲಿ ಹಕ್ಕು ಬಿಟ್ಟುಕೊಡುವುದಕ್ಕೂ ರಿಜಿಸ್ಟ್ರಾರರಿಗೆ ತಿಳಿಸುವ ಅಥವಾ ಸಾರ್ವಜನಿಕ ಪ್ರಕಟಣೆ ಕೊಡುವ ಕ್ರಮವಿದೆ. ಎಂಐಟಿಯ ನಾಲ್ಕಾರು ವಾಕ್ಯಗಳು ಅದಕ್ಕಿಂತ ಸುಲಭ, ಎಲ್ಲ ದೇಶಗಳಲ್ಲೂ ಓದುವವರಿಗೆ ಪರಿಚಿತ.

ಹೆಚ್ಚು ಎಚ್ಚರ ಬೇಕಾದದ್ದು ಬೇರೆಯವರಿಂದ ತಂದ ಕೋಡಿನ ವಿಷಯದಲ್ಲಿ. ಒಂದು ನೆಟ್‌ವರ್ಕ್ ಕಾರ್ಡಿಗೆ ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಬೇಕು ಎಂದುಕೊಳ್ಳಿ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ವ್ಯವಸ್ಥೆಯಲ್ಲಿ ಅದಿದ್ದರೆ ನಿಶ್ಚಿಂತೆ: ಹೈಕುವಿನಲ್ಲಿ ಆ ಡ್ರೈವರುಗಳನ್ನು ಹೆಚ್ಚು ಬದಲಾಯಿಸದೆ ಓಡಿಸುವ ಹೊಂದಾಣಿಕೆಯ ಪದರವೇ ಇದೆ, ಬಿಎಸ್‌ಡಿ ಲೈಸೆನ್ಸೂ ಎಂಐಟಿಯೂ ಜಗಳವಿಲ್ಲದೆ ಒಟ್ಟಿಗಿರುತ್ತವೆ. ಕಡತದ ತಲೆಯಲ್ಲಿರುವ ಮೂಲ ಲೇಖಕರ ಹೆಸರನ್ನು ಮುಟ್ಟಬೇಡಿ. ನೀವು ಗಣನೀಯವಾಗಿ ತಿದ್ದಿದ್ದರೆ ನಿಮ್ಮ ಹೆಸರನ್ನು ಅದರ ಕೆಳಗೆ ಸೇರಿಸಿ. ಡ್ರೈವರ್ ಲಿನಕ್ಸಿನಲ್ಲಿ ಮಾತ್ರ ಇದ್ದರೆ ಮಾತು ಬೇರೆ. ಅದು ಸಾಮಾನ್ಯವಾಗಿ ಜಿಪಿಎಲ್ ಎರಡನೇ ಆವೃತ್ತಿಯಲ್ಲಿರುತ್ತದೆ. ಅದನ್ನು ನಕಲು ಮಾಡಿ ಮೇಲೆ ಎಂಐಟಿ ತಲೆಬರಹ ಅಂಟಿಸುವ ಅಧಿಕಾರ ನಿಮಗಿಲ್ಲ. ಚರಗಳ ಹೆಸರು ಬದಲಿಸಿ, ಸಾಲುಗಳ ಜಾಗ ಅದಲುಬದಲು ಮಾಡಿದರೂ ಅದು ನಕಲೇ. ಚಿಪ್ ತಯಾರಕರ ದಾಖಲೆಯಿದ್ದರೆ ಅದನ್ನಿಟ್ಟುಕೊಂಡು ಬರೆಯಿರಿ. ದಾಖಲೆ ಇಲ್ಲದಿದ್ದರೆ ಒಬ್ಬರು ಲಿನಕ್ಸ್ ಡ್ರೈವರ್ ಓದಿ ಚಿಪ್ಪಿನೊಳಗಿನ ಯಾವ ರಿಜಿಸ್ಟರಿಗೆ (ಪುಟ್ಟ ಸ್ಮೃತಿಕೋಶಕ್ಕೆ) ಯಾವ ಮೌಲ್ಯ ಬರೆಯಬೇಕೆಂಬ ಸಂಗತಿಗಳನ್ನಷ್ಟೇ ಟಿಪ್ಪಣಿ ಮಾಡಲಿ. ಆ ಕೋಡನ್ನು ನೋಡಿರದ ಇನ್ನೊಬ್ಬರು ಟಿಪ್ಪಣಿ ಇಟ್ಟುಕೊಂಡು ಬರೆಯಲಿ.

ಕದ್ದು ಹೊರಬಿದ್ದ ಖಾಸಗಿ ಕೋಡನ್ನಂತೂ ತೆರೆದೂ ನೋಡಬೇಡಿ. ವಿಂಡೋಸ್‌ಗೆ ಹೊಂದುವ ರಿಯಾಕ್ಟ್‌ಓಎಸ್ ಯೋಜನೆಯ ಮೇಲೆ 2006ರ ಆರಂಭದಲ್ಲಿ, ವಿಂಡೋಸ್ ಕೋಡಿನಿಂದ ತಂದದ್ದಿದೆ ಎಂಬ ಅನುಮಾನ ಎದ್ದಾಗ, ಅವರು ತಮ್ಮ ಕೋಡನ್ನೆಲ್ಲ ತಾವೇ ಪರಿಶೋಧನೆಗೆ ಒಡ್ಡಬೇಕಾಯಿತು. ಹೊಸದನ್ನು ಬರೆಯಬೇಕಾದ ಕೈಗಳು ಹಳೆಯದನ್ನು ಸಾಬೀತುಪಡಿಸುವುದರಲ್ಲಿ ತೊಡಗಿದವು. ಬಿಓಎಸ್‌ನ ಮುಂದುವರಿಕೆಯೆಂದು ಮಾರಾಟವಾಗುತ್ತಿದ್ದ ಝೀಟಾದ ಕತೆ ಇನ್ನೂ ನೋವಿನದು. ಬಿಓಎಸ್ ಹಕ್ಕುಗಳು ಕೊನೆಗೆ ತಲುಪಿದ್ದ ಆ್ಯಕ್ಸೆಸ್ ಕಂಪನಿಯ ಕಡೆಯಿಂದ 2007ರಲ್ಲಿ, ಇದಕ್ಕೆ ನಾವು ಲೈಸೆನ್ಸ್ ಕೊಟ್ಟಿಲ್ಲ ಎಂಬ ಹೇಳಿಕೆ ಬಂತು. ಝೀಟಾದ ಮಾರಾಟ ನಿಂತಿತು. ದುಡ್ಡು ಕೊಟ್ಟು ಕೊಂಡಿದ್ದ ಬಳಕೆದಾರರು ಎರಡನೆಯ ಸಲ ಕೈಚೆಲ್ಲಿ ಕುಳಿತರು. ಹೈಕು ಇನ್ನೂ ನಿಂತಿರುವುದಕ್ಕೆ ಅದರ ಪ್ರತಿ ಕಡತದ ಹುಟ್ಟಿನ ಬಗ್ಗೆ ಇರುವ ಶಿಸ್ತೇ ಒಂದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಬೇರೆ ವ್ಯವಸ್ಥೆಯ ಪ್ರೋಗ್ರಾಮನ್ನು ಹೈಕುವಿಗೆ ತರುವವರು ಬರೆಯುವ ಕಡತಕ್ಕೆ ರೆಸಿಪಿ ಎನ್ನುತ್ತಾರೆ. ಅದರಲ್ಲಿ ಕಾಪಿರೈಟ್ ಮತ್ತು ಲೈಸೆನ್ಸ್ ಎಂಬ ಎರಡು ಸಾಲುಗಳಿವೆ. ಮೊದಲನೆಯದರಲ್ಲಿ ವರ್ಷ ಮತ್ತು ಹಕ್ಕುದಾರರ ಹೆಸರು, ಎರಡನೆಯದರಲ್ಲಿ ಲೈಸೆನ್ಸಿನ ಹೆಸರು. ಈ ಹೆಸರು ವ್ಯವಸ್ಥೆಯ ಲೈಸೆನ್ಸ್ ಫೋಲ್ಡರಿನಲ್ಲಿರುವ ಕಡತದ ಹೆಸರಿಗೆ ಅಕ್ಷರಶಃ ಹೊಂದಬೇಕು. ‘ಬಿಎಸ್‌ಡಿ’ ಎಂದಷ್ಟೇ ಬರೆದರೆ ಸಾಲದು, ಎರಡು ಷರತ್ತಿನದೋ ಮೂರು ಷರತ್ತಿನದೋ ಹೇಳಬೇಕು. ಆ ಫೋಲ್ಡರಿನಲ್ಲಿ ಇಲ್ಲದ ಲೈಸೆನ್ಸ್ ಆದರೆ, ಅದರ ಪೂರ್ತಿ ಪಠ್ಯವನ್ನು ನಿಮ್ಮ ಪೋರ್ಟಿನ (ಹೀಗೆ ತರುವ ಪ್ರೋಗ್ರಾಮಿನ ರೆಸಿಪಿ ಇರುವ ಫೋಲ್ಡರಿನ) ಒಳಗೆ ಲೈಸೆನ್ಸುಗಳಿಗೆಂದೇ ಇರುವ ಫೋಲ್ಡರಿನಲ್ಲಿ ಇಡಿ.

ಪ್ರೋಗ್ರಾಮಿನ ಕೋಡಿನ ಮೇಲ್ಮಟ್ಟದ ಫೋಲ್ಡರಿನಲ್ಲಿ ಸಿಗುವ ಜಿಪಿಎಲ್ ಪಠ್ಯ ನೋಡಿ ‘ಎರಡನೇ ಆವೃತ್ತಿ’ ಎಂದು ಬರೆದು ಮುಗಿಸುವುದು ಸುಲಭ. ನಾನು ಹಾಗೆ ಮಾಡಲು ಬಿಡುವುದಿಲ್ಲ. ಕಡತಗಳ ತಲೆಬರಹ ಓದಿ: ‘ಎರಡನೇ ಆವೃತ್ತಿ ಮಾತ್ರ’ ಎಂದಿದೆಯೋ, ‘ಅಥವಾ ಮುಂದಿನ ಯಾವುದೇ ಆವೃತ್ತಿ’ ಎಂದಿದೆಯೋ? ಇದು ಕೂದಲು ಸೀಳುವ ಮಾತಲ್ಲ. ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ತನ್ನ 3.0 ಆವೃತ್ತಿಯಿಂದ ಅಪಾಚೆ 2.0 ಲೈಸೆನ್ಸಿಗೆ ಬದಲಾಯಿತು. ಅಪಾಚೆ 2.0 ಜಿಪಿಎಲ್ ಮೂರನೇ ಆವೃತ್ತಿಗೆ ಹೊಂದುತ್ತದೆ, ಎರಡನೆಯದಕ್ಕೆ ಹೊಂದುವುದಿಲ್ಲ ಎಂಬುದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನದೇ ನಿಲುವು. ಅಂದರೆ ‘ಅಥವಾ ಮುಂದಿನ’ ಎಂಬ ಪದಗಳಿರುವ ಪ್ರೋಗ್ರಾಮನ್ನು ಆ ಲೈಬ್ರರಿಗೆ ಜೋಡಿಸಬಹುದು. ಆ ಪದಗಳಿಲ್ಲದಿದ್ದರೆ ಮೂಲ ಲೇಖಕರಿಂದ ವಿನಾಯಿತಿ ಕೇಳಬೇಕು, ಇಲ್ಲವೇ ಬೇರೆ ಲೈಬ್ರರಿ ಹುಡುಕಬೇಕು. ಒಳಗೆ ಸೇರಿಸಿಕೊಂಡಿರುವ ಮೂರನೆಯವರ ಫೋಲ್ಡರುಗಳನ್ನೂ ಒಂದೊಂದಾಗಿ ತೆರೆದು ನೋಡಿ. ಎಷ್ಟು ಲೈಸೆನ್ಸುಗಳಿವೆಯೋ ಅಷ್ಟನ್ನೂ ರೆಸಿಪಿಯಲ್ಲಿ ಬೇರೆ ಬೇರೆ ಸಾಲುಗಳಲ್ಲಿ ಬರೆಯಿರಿ.

ಕೋಡ್ ಅಲ್ಲದ್ದಕ್ಕೂ ಷರತ್ತುಗಳಿವೆ. ಬಿಓಎಸ್‌ನ ಕೈಪಿಡಿಯಾದ ಬಿ ಬುಕ್ ಅನ್ನು ಪ್ರಕಟಿಸಲು ಆ್ಯಕ್ಸೆಸ್ ಕಂಪನಿ ಹೈಕುವಿಗೆ ಅನುಮತಿ ಕೊಟ್ಟಿದೆ. ಆದರೆ ಮಾರುವಂತಿಲ್ಲ, ಬದಲಿಸುವಂತಿಲ್ಲ ಎಂಬ ಕ್ರಿಯೇಟಿವ್ ಕಾಮನ್ಸ್ ಷರತ್ತಿನ ಮೇಲೆ. ಹಾಗಾಗಿ ಅದರ ಪ್ಯಾರಾಗಳನ್ನು ತಿದ್ದಿ ಹೊಸ ದಾಖಲೆ ಮಾಡುವಂತಿಲ್ಲ. ಹೈಕು ಬುಕ್ ಎಂಬ ಕೈಪಿಡಿಯನ್ನು ಬೇರೆಯಾಗಿಯೇ ಬರೆಯಲಾಗುತ್ತಿದೆ, ಅದಕ್ಕೆ ನೆರವಾಗುವವರು ಸ್ವಂತ ಮಾತಿನಲ್ಲಿ ಬರೆಯಬೇಕು. ಕನ್ನಡದ ಫಾಂಟ್ ಪ್ಯಾಕೇಜ್ ಮಾಡುವವರಿಗೆ ನೋಟೊ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ ಎರಡೂ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಸಿಗುತ್ತವೆ: ಹಂಚಬಹುದು, ತಿದ್ದಬಹುದು, ಬರೀ ಫಾಂಟನ್ನಷ್ಟೇ ಮಾರುವಂತಿಲ್ಲ. ಈ ಲೈಸೆನ್ಸಿನಡಿ ಲೇಖಕರು ಫಾಂಟಿನ ಹೆಸರನ್ನು ಕಾಯ್ದಿರಿಸಿದ್ದರೆ, ತಿದ್ದಿದ ಆವೃತ್ತಿಗೆ ಬೇರೆ ಹೆಸರಿಡಬೇಕು. ಹೈಕುವಿನ ಹೆಸರು ಮತ್ತು ಲಾಂಛನವೂ ಹಾಗೆಯೇ. ಕೋಡ್ ಎಂಐಟಿಯಲ್ಲಿದೆ ಎಂದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಕೂಡ ಬಿಟ್ಟಿ ಎಂದಲ್ಲ.

ಕೊನೆಯದಾಗಿ, ನನಗೆ ತುಂಬ ಪ್ರೀತಿಯ ಕೆಲಸ: ಬಿಓಎಸ್ ಕಾಲದ ಹಳೆಯ ಅಪ್ಲಿಕೇಶನ್ನುಗಳನ್ನು ಉಳಿಸುವುದು. ಕೆಲವಕ್ಕೆ ಕೋಡ್ ಸಿಗುತ್ತದೆ, ಲೈಸೆನ್ಸ್ ಇರುವುದಿಲ್ಲ. ಲೈಸೆನ್ಸ್ ಇಲ್ಲವೆಂದರೆ ಅನುಮತಿ ಇಲ್ಲವೆಂದೇ ಅರ್ಥ, ಲೇಖಕರು ಮರೆತು ಇಪ್ಪತ್ತು ವರ್ಷವಾಗಿದ್ದರೂ ಸರಿ. ಅವರನ್ನು ಹುಡುಕಿ, ಹೀಗೆ ಬರೆಯಿರಿ:

‘ನಮಸ್ಕಾರ. ನೀವು ಬಿಓಎಸ್‌ಗೆಂದು ಬರೆದ ಪ್ರೋಗ್ರಾಮನ್ನು ಹೈಕುವಿನಲ್ಲಿ ಓಡಿಸುವ ಆಸೆ ನನಗಿದೆ. ಅದರ ಕೋಡನ್ನು ಎಂಐಟಿ ಲೈಸೆನ್ಸಿನಡಿ ಬಿಡುಗಡೆ ಮಾಡಲು ಒಪ್ಪುತ್ತೀರಾ? ಲೈಸೆನ್ಸಿನ ಪೂರ್ತಿ ಪಠ್ಯವನ್ನು ಕೆಳಗೆ ಕೊಟ್ಟಿದ್ದೇನೆ. ಕೋಡನ್ನು ಬೇರೆ ಯಾರಾದರೂ ಸೇರಿ ಬರೆದಿದ್ದರೆ ಅವರ ಹೆಸರನ್ನೂ ತಿಳಿಸಿ. ನಿಮ್ಮ ಹೆಸರು ಪ್ರತಿ ಕಡತದಲ್ಲೂ ಇರುತ್ತದೆ.’

ಇಂಥದೇ ಒಪ್ಪಿಗೆಗಳ ಮೇಲೆ ಹೈಕು ಆರ್ಕೈವ್ಸ್ ಎಂಬ ಸಂಗ್ರಹದಲ್ಲಿ ಎಷ್ಟೋ ಹಳೆಯ ಪ್ರೋಗ್ರಾಮುಗಳು ಸೇರಿವೆ. ಉತ್ತರ ‘ಆಗಲಿ’ ಎಂದು ಬಂದರೆ, ಆ ಮಿಂಚಂಚೆಯ ದಿನಾಂಕವನ್ನೂ ಒಪ್ಪಿಗೆಯ ಮಾತುಗಳನ್ನೂ ಲೇಖಕರ ಅನುಮತಿ ಪಡೆದು ಕೋಡಿನ ಜೊತೆಯಲ್ಲೇ ಒಂದು ಕಡತವಾಗಿ ಇಡಿ. ಜೊತೆಗೆ ಬರೆದವರಿದ್ದರೆ ಅವರೆಲ್ಲರಿಂದಲೂ ಒಪ್ಪಿಗೆ ಬರುವವರೆಗೆ ಕಾಯಿರಿ. ‘ಬೇಡ’ ಎಂದರೆ ಧನ್ಯವಾದ ಹೇಳಿ, ಅದೇ ಕೆಲಸ ಮಾಡುವ ಹೊಸ ಪ್ರೋಗ್ರಾಮನ್ನು ಅವರ ಕೋಡ್ ನೋಡದೆ ಬರೆಯಲು ಕುಳಿತುಕೊಳ್ಳಿ.