ಹೆಪ್ಪು ಹೆಚ್ಚು ಹಾಕಿದರೆ ಮೊಸರು ಗಟ್ಟಿಯಾಗುವುದಿಲ್ಲ

ಮೊಸರು ನೀರಾಯಿತು ಅಂತ ಮರುದಿನ ಇನ್ನೊಂದು ಚಮಚ ಹೆಪ್ಪು ಸೇರಿಸುವವರೇ ಹೆಚ್ಚು. ಎಡವಟ್ಟಾಗುವುದು ಅಲ್ಲೇ. ಹೆಪ್ಪಿನಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಳ್ಳಿ, ಐದು ಗಂಟೆಗೆ ಒಂದು ಹೋಗಿ 1024. ಹೆಪ್ಪು ಎರಡು ಪಟ್ಟು ಹಾಕಿದರೆ ಉಳಿಯುವುದು ಅರ್ಧ ಗಂಟೆ ಅಷ್ಟೆ. ಹುಳಿ ಮಾತ್ರ ಬೇಗ ಏರಿ, ಮೊಸರು ನೀರು ಬಿಟ್ಟುಕೊಳ್ಳುತ್ತದೆ. ಅರ್ಧ ಲೀಟರ್ ಹಾಲಿಗೆ ಒಂದು ಸಣ್ಣ ಚಮಚ ಧಾರಾಳ. ಬೇಸಿಗೆಯಲ್ಲಿ ಅದರ ಅರ್ಧ ಸಾಕು.

ಗಮನ ಕೊಡಬೇಕಾದ್ದು ಬಿಸಿಯ ಕಡೆಗೆ. ಹಾಲು ಉಕ್ಕಿದ ಮೇಲೂ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಲಿ. ಪೈಪೋಟಿಗೆ ಬರುವ ಬೇರೆ ಬ್ಯಾಕ್ಟೀರಿಯಾ ಸಾಯುತ್ತವೆ, ಮೊಸರೂ ಗಟ್ಟಿ ಬರುತ್ತದೆ. ಆಮೇಲೆ 40ರಿಂದ 43 ಡಿಗ್ರಿಗೆ ಆರಿಸಿ. ತೊಳೆದ ಕಿರುಬೆರಳು ಅದ್ದಿದರೆ ಬಿಸಿ ಚೆನ್ನಾಗಿ ತಾಗಬೇಕು, ಆದರೆ ಹತ್ತು ಎಣಿಸುವವರೆಗೂ ಬೆರಳು ತೆಗೆಯಬೇಕು ಅನ್ನಿಸಬಾರದು. 50 ದಾಟಿದ್ದರೆ ಬೆಳವಣಿಗೆ ನಿಲ್ಲುತ್ತದೆ, ಇನ್ನೂ ಸುಡುತ್ತಿದ್ದರೆ ಹೆಪ್ಪೇ ಸತ್ತುಹೋಗುತ್ತದೆ. ತೀರಾ ತಣ್ಣಗಿದ್ದರೆ ಬೇರೆ ಜಾತಿಯವು ಮೇಲುಗೈ ಪಡೆದು ಮೊಸರು ಲೋಳೆಯಾಗಬಹುದು. ಚಳಿಗಾಲದಲ್ಲಿ ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹೂತಿಡಿ.

ಫ್ರಿಜ್ಜಿನ ಹೆಪ್ಪು ಎಚ್ಚರಗೊಳ್ಳಲು ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆ ಮುಂಚೆ ಹೊರಗಿಟ್ಟು, ಎರಡು ಚಮಚ ಬೆಚ್ಚನೆಯ ಹಾಲಲ್ಲಿ ಗಂಟಿಲ್ಲದಂತೆ ಕದಡಿ ಹಾಕಿ. ವಾರ ಕಳೆದ ಹುಳಿ ಮೊಸರನ್ನು ಹೆಪ್ಪಿಗೆ ಬಳಸಬೇಡಿ. ಅದರಲ್ಲಿನ ಬ್ಯಾಕ್ಟೀರಿಯಾ ತಮ್ಮದೇ ಹುಳಿಯಲ್ಲಿ ಸೊರಗಿರುತ್ತವೆ. ಹುಳಿ ಏರಿ, ಅದರ ಅಳತೆಯಾದ ಪಿಎಚ್ 4.6ರ ಹತ್ತಿರ ಇಳಿದಾಗ ಹಾಲಿನ ಕೇಸೀನ್ ಎಂಬ ಪ್ರೋಟೀನ್ ಕೂಡಿಕೊಂಡು ಗಟ್ಟಿಯಾಗುತ್ತದೆ. ಆಗ ಪಾತ್ರೆ ಅಲುಗಿಸಿದರೆ ಮೊಸರು ಒಡೆದಂತಾಗುತ್ತದೆ, ಮತ್ತೆ ಕೂಡುವುದಿಲ್ಲ. ಐದಾರು ಗಂಟೆ ಕಳೆದ ಮೇಲೆ ಮೆಲ್ಲಗೆ ಓರೆ ಮಾಡಿ ನೋಡಿ; ಅಂಚು ಬಿಟ್ಟು ಒಂದೇ ಮುದ್ದೆಯಾಗಿ ಜರುಗಿದರೆ ತಕ್ಷಣ ಫ್ರಿಜ್ಜಿಗೆ. ನಾಳೆಯ ಹೆಪ್ಪನ್ನು ಬಡಿಸುವ ಮೊದಲೇ ಒಣ ಚಮಚದಿಂದ ತೆಗೆದಿಡಿ.

ಇದೇ ಇಮ್ಮಡಿ ಲೆಕ್ಕ ರಾತ್ರಿ ಉಳಿದ ಅನ್ನದಲ್ಲೂ ನಡೆಯುತ್ತದೆ, ಅಲ್ಲಿ ಕೇಡಿಗೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತಕ್ಕೂ ಜಗ್ಗುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಮೊಳೆತು ಬೆಳೆದು ಅವು ಬಿಡುವ ವಿಷ ಮರುದಿನ ಚಿತ್ರಾನ್ನಕ್ಕೆ ಹುರಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ.