ಊರಿನ ಮಾತು ರೇಡಿಯೋಗೆ: ಮೈಕ್ ಹಿಡಿಯುವವರಿಗೆ ಒಂದಿಷ್ಟು

"ಸಾರಿಗೆ ಸಮಸ್ಯೆ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಅಂತ ಕೇಳಿ ನೋಡಿ. ಎದುರಿಗಿದ್ದವರು ಭಾಷಣ ಶುರು ಮಾಡುತ್ತಾರೆ. ಸ್ಥಳೀಯ ರೇಡಿಯೋಗೆ ವಾರಕ್ಕೊಂದು ಅರ್ಧ ಗಂಟೆಯ ಮಾತುಕತೆ ಮಾಡುತ್ತೇನೆ. ಈ ಪ್ರಶ್ನೆ ಬಿಡಲು ನನಗೆ ಒಂದು ವರ್ಷ ಹಿಡಿಯಿತು. ಈಗ ಹೀಗೆ ಕೇಳುತ್ತೇನೆ: "ನಿನ್ನೆ ಎಷ್ಟು ಹೊತ್ತಿಗೆ ಮನೆ ಬಿಟ್ಟಿರಿ? ಬಸ್ಸು ಯಾವಾಗ ಬಂತು? ಅಲ್ಲೀತನಕ ಎಲ್ಲಿ ನಿಂತಿದ್ದಿರಿ?" ಮೂರನೇ ಪ್ರಶ್ನೆ ಮುಗಿಯುವಷ್ಟರಲ್ಲಿ ನಿಲ್ದಾಣಕ್ಕೆ ಸೂರಿಲ್ಲದ್ದು, ದೀಪ ಕೆಟ್ಟದ್ದು, ಕತ್ತಲಾಗುತ್ತೆ ಅಂತ ಮಗಳು ಸಂಜೆ ಕ್ಲಾಸು ಬಿಟ್ಟದ್ದು, ಎಲ್ಲ ತಾನಾಗಿ ಹೊರಗೆ ಬರುತ್ತದೆ.

ವಿಷಯ ಏನು ಅಂತ ಮೊದಲೇ ತಿಳಿಸಿ. ಆದರೆ ಪ್ರಶ್ನೆಗಳನ್ನು ಮುಂಚೆಯೇ ಕಳಿಸಬೇಡಿ. ಒಮ್ಮೆ ಬೀದಿ ಬೀದಿಗೆ ನೀರು ಬಿಡುವ ಹಿರಿಯರೊಬ್ಬರಿಗೆ ಎಂಟು ಪ್ರಶ್ನೆ ಬರೆದು ಕೊಟ್ಟಿದ್ದೆ. ನಾಲ್ಕು ಹಾಳೆ ಬರೆದುಕೊಂಡು ಬಂದು, ಜಲವೇ ಜೀವನ ಅಂತ ಗಟ್ಟಿಯಾಗಿ ಓದಿದರು. ಮುಗಿಸಿ ಗೇಟಿನ ಹತ್ತಿರ ಹೋಗುವಾಗ ನಿಜವಾದ ಕಥೆ ಶುರುವಾಯಿತು: ಯಾವ ವಾಲ್ವ್ ಮೊದಲು ತಿರುಗಿಸಿದರೆ ಯಾವ ಬೀದಿಯವರು ಜಗಳಕ್ಕೆ ಬರುತ್ತಾರೆ, ರಾತ್ರಿ ಎರಡಕ್ಕೆ ಯಾರು ಬಾಗಿಲು ತಟ್ಟುತ್ತಾರೆ. ರೆಕಾರ್ಡರ್ ಚೀಲದಲ್ಲಿತ್ತು. ಆ ಹತ್ತು ನಿಮಿಷ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ! ಅದಕ್ಕೇ ಈಗ ಗೇಟಿನವರೆಗೂ ಮೆಷಿನ್ ಆನ್ ಇರುತ್ತದೆ. ಆನ್ ಇದೆ ಅಂತ ಅವರಿಗೆ ಹೇಳಿಯೇ ಇರುತ್ತೇನೆ. ಕದ್ದು ಹಿಡಿದ ಮಾತು ಎಷ್ಟೇ ಚೆನ್ನಾಗಿದ್ದರೂ ಪ್ರಸಾರಕ್ಕಲ್ಲ.

ಶಬ್ದದ ವಿಷಯ ಚಿಕ್ಕದು, ಆದರೆ ತಪ್ಪಿದರೆ ಪೂರ್ತಿ ಕೆಲಸ ಹಾಳು. ಫ್ಯಾನ್ ನಿಲ್ಲಿಸಿ. ಮೈಕ್ ಬಾಯಿಂದ ಸುಮಾರು ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇರಲಿ. ನೇರ ಹಿಡಿದರೆ ಪ, ಭ ಬಂದಾಗಲೆಲ್ಲ ಗಾಳಿ ಪಟ್ ಅಂತ ಹೊಡೆಯುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ರೆಕಾರ್ಡರಿನ ಮೀಟರಿನಲ್ಲಿ ಜೋರು ಮಾತು ಮೈನಸ್ 12 ಡೆಸಿಬೆಲ್ ಆಸುಪಾಸು ಇದ್ದರೆ ಸಾಕು. ಸೊನ್ನೆಯೇ ಮಿತಿ, ಅದನ್ನು ಮುಟ್ಟಿ ಒಡೆದ ದನಿಯನ್ನು ಸರಿ ಮಾಡುವುದು ಕಷ್ಟ. ಕೊನೆಗೆ ಎಲ್ಲರೂ ಸುಮ್ನೆ ಕೂತು 30 ಸೆಕೆಂಡ್ ಆ ಜಾಗದ ಮೌನ ಹಿಡಿದುಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಬೇಕಾಗುತ್ತದೆ. ಇನ್ನೊಂದು, ಹೂಂಗುಟ್ಟಬೇಡಿ, ತಲೆಯಾಡಿಸಿ. ನನ್ನ ಹಳೆಯ ಟೇಪುಗಳ ತುಂಬ ನನ್ನದೇ "ಹೂಂ, ಹೂಂ".

ಜನರನ್ನೂ ಅಧಿಕಾರಿಯನ್ನೂ ಒಂದೇ ಮೇಜಿಗೆ ಕೂರಿಸಿದರೆ ಒಳ್ಳೆ ಚರ್ಚೆ ಆಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಜನ ಹಿಂಜರಿಯುತ್ತಾರೆ, ಅಧಿಕಾರಿ ಯೋಜನೆಗಳ ಪಟ್ಟಿ ಓದುತ್ತಾರೆ. ನಾನು ಮೊದಲು ಜನರ ಮಾತು ಹಿಡಿದು, ಬಸ್ಸಿಗೆ ಕಾದವರ 40 ಸೆಕೆಂಡನ್ನು ಅಧಿಕಾರಿಗೆ ಕೇಳಿಸುತ್ತೇನೆ. ಆಮೇಲೆ ಕೇಳುವುದು ಎರಡೇ: "ಈ ದೀಪ ಯಾರು ಹಾಕಿಸಬೇಕು? ಯಾವತ್ತು?" ಅಧಿಕಾರಿ ಹೇಳಿದ್ದು ಜನರ ಮಾತಿನ ಪಕ್ಕದಲ್ಲೇ ಪ್ರಸಾರವಾಗಬೇಕು, ಮುಂದಿನ ವಾರ ಅಲ್ಲ.

ರೇಡಿಯೋ ಒಮ್ಮುಖ ಅನ್ನುವವರಿಗೆ ನಾನು ಹಳೆಯದೊಂದು ವಿಷಯ ಹೇಳುತ್ತೇನೆ. ಕೆನಡಾದಲ್ಲಿ 1941ರಲ್ಲಿ ರೈತರ ರೇಡಿಯೋ ಫೋರಂ ಶುರುವಾಯಿತು. ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿ ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ತೀರ್ಮಾನವನ್ನು ಬರೆದು ಕಳಿಸುತ್ತಿದ್ದರು. ಅದು ಮತ್ತೆ ರೇಡಿಯೋದಲ್ಲಿ ಬರುತ್ತಿತ್ತು. 1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿ ಇದನ್ನೇ ಪುಣೆ ಸುತ್ತಿನ ಹಳ್ಳಿಗಳಲ್ಲಿ ಮಾಡಿ ನೋಡಿತು. ವಾಟ್ಸಾಪ್ ದನಿಸಂದೇಶ ಇರುವ ನಮಗೆ ಇದು ಇನ್ನೂ ಸುಲಭ, ಅಲ್ವಾ? ಕಾರ್ಯಕ್ರಮದ ಕೊನೆಯ ಐದು ನಿಮಿಷ ಕೇಳುಗರ ದನಿಗೇ ಬಿಡಿ.

ಅಧಿಕಾರಿ ಹೇಳಿದ ತಾರೀಖನ್ನು ಡೈರಿಯಲ್ಲಿ ಬರೆದಿಡಿ. ಆ ದಿನ ಸಂಜೆ ನಿಲ್ದಾಣಕ್ಕೆ ಹೋಗಿ, ಮೊದಲು ಮಾತಾಡಿದವರ ಕೈಗೇ ಮೈಕ್ ಕೊಡಿ. ದೀಪ ಉರಿಯುತ್ತಿದ್ದರೆ ಅದನ್ನೂ ಹೇಳಿಸಿ. ಮುಂದಿನ ಸಲ ಆ ಅಧಿಕಾರಿ ನಿಮ್ಮ ಫೋನ್ ಎತ್ತುತ್ತಾರೆ.