ಒಂದು ನೈಂಟಿ ಕುಡಿದರೆ ರಕ್ತದಲ್ಲಿ ಎಷ್ಟು? ಲೆಕ್ಕ ಹಾಕೋದು ಹೀಗೆ

ಕಾನೂನು ಹೇಳುವ ಮಿತಿ ಒಂದೇ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಅದನ್ನು ದಾಟಿ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕೆಳಗೆ ಕೇಸು. ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕುಡಿಯುವವರಲ್ಲಿ ಬಹಳ ಮಂದಿಗೆ ಈ 30 ಗೊತ್ತು. ಆದರೆ ತಾವು ಕುಡಿದ ನೈಂಟಿ, ಅಂದರೆ 90 ಎಂಎಲ್, ಎಷ್ಟಕ್ಕೆ ಒಯ್ದು ನಿಲ್ಲಿಸುತ್ತದೆ ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿರಲ್ಲ. ಈ ಲೆಕ್ಕ ಕಷ್ಟದ್ದಲ್ಲ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಆದರೆ ಕುಡಿಯುವ ಮುಂಚೆ ಹಾಕಬೇಕು, ಆಮೇಲಲ್ಲ. ಎರಡು ಪೆಗ್ ಒಳಗೆ ಹೋದ ಮೇಲೆ ಎಲ್ಲ ಲೆಕ್ಕವೂ ನಮಗೆ ಬೇಕಾದಂತೆಯೇ ಬರುತ್ತದೆ.

ಮೊದಲು ಗ್ರಾಂ ಕಂಡುಹಿಡಿಯಿರಿ. ಬಾಟಲಿಯಾಗಲಿ ನೈಂಟಿ ಪ್ಯಾಕೆಟ್ ಆಗಲಿ, ಮೇಲೆ ಸಣ್ಣ ಅಕ್ಷರದಲ್ಲಿ ಶೇಕಡಾ ಎಷ್ಟು ಅಂತ ಅಚ್ಚಾಗಿರುತ್ತದೆ. ನಮ್ಮಲ್ಲಿ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ 42.8. ಕುಡಿಯುವ ಎಂಎಲ್ ಅನ್ನು ಈ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿ. ಆಲ್ಕೋಹಾಲ್ ನೀರಿಗಿಂತ ಹಗುರ, ಅದಕ್ಕೆ ಈ 0.79. 90 ಎಂಎಲ್‌ಗೆ ಸುಮಾರು 30 ಗ್ರಾಂ ಬರುತ್ತದೆ, ಕ್ವಾರ್ಟರ್‌ಗೆ, ಅಂದರೆ 180 ಎಂಎಲ್‌ಗೆ, 61.

ಈಗ ಬಿಯರ್ ನೋಡಿ. 650 ಎಂಎಲ್ ಸ್ಟ್ರಾಂಗ್ ಬಾಟಲಿ, ಶೇಕಡಾ 8 ಅಂದುಕೊಳ್ಳಿ. 41 ಗ್ರಾಂ! "ಬರೇ ಒಂದು ಬಿಯರ್ ಕುಡಿದೀನಿ" ಅನ್ನುವವನ ಹೊಟ್ಟೆಯಲ್ಲಿ ಪಕ್ಕದವನ ನೈಂಟಿಗಿಂತ ಜಾಸ್ತಿ ಇದೆ. ಬಿಯರ್ ಅಂದರೆ ಲೆಕ್ಕಕ್ಕಿಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆ ಅಂದರೆ, ಗಾಡಿ ಓಡಿಸುವವನಿಗೇ ಬೇಕಂತ ಬಿಯರ್ ಕೊಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಆಮೇಲೆ ದೇಹದ ತೂಕ. ಸ್ವೀಡನ್ನಿನ ವಿಡ್‌ಮಾರ್ಕ್ ಎಂಬ ವಿಜ್ಞಾನಿ ಕೊಟ್ಟ ಸೂತ್ರವನ್ನೇ ಈಗಲೂ ಬಳಸುತ್ತಾರೆ. ಆಲ್ಕೋಹಾಲ್ ಮೈಯೊಳಗಿನ ನೀರಿನಲ್ಲಿ ಹರಡುತ್ತದೆ, ಕೊಬ್ಬಿನಲ್ಲಿ ಅಷ್ಟಾಗಿ ಸೇರಲ್ಲ. ಗಂಡಸರ ಮೈಯಲ್ಲಿ ನೀರಿನ ಪಾಲು ಜಾಸ್ತಿ, ಹೆಂಗಸರಲ್ಲಿ ಕಡಿಮೆ. ಹಾಗಾಗಿ ಗಂಡಸರಾದರೆ ತೂಕವನ್ನು 0.68ರಿಂದ ಗುಣಿಸಿ, ಹೆಂಗಸರಾದರೆ 0.55ರಿಂದ. ಗ್ರಾಂ ಅನ್ನು ಇದರಿಂದ ಭಾಗಿಸಿ 100ರಿಂದ ಗುಣಿಸಿದರೆ 100 ಎಂಎಲ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ ಸಿಗುತ್ತದೆ.

70 ಕೆಜಿ ಗಂಡಸು, ಒಂದು ನೈಂಟಿ. 70 ಗುಣಿಸು 0.68 ಅಂದರೆ 47.6. 30.4 ಅನ್ನು ಅದರಿಂದ ಭಾಗಿಸಿ 100ರಿಂದ ಗುಣಿಸಿದರೆ 64. ಮಿತಿ 30, ಇವನದು 64, ಅದೂ ಒಂದೇ ನೈಂಟಿಗೆ. ಸ್ಟ್ರಾಂಗ್ ಬಿಯರ್ ಆದರೆ 86, ಕ್ವಾರ್ಟರ್ ಆದರೆ 128. 50 ಕೆಜಿಯ ಹೆಣ್ಣುಮಗಳು 60 ಎಂಎಲ್‌ನ ಒಂದೇ ಪೆಗ್ ತೊಗೊಂಡರೂ 70 ದಾಟುತ್ತದೆ. ಅಷ್ಟೂ ಒಂದೇ ಸಲ ರಕ್ತ ಸೇರಿದರೆ ಬರುವ ಅಂಕಿ ಇದು. ನಿಧಾನಕ್ಕೆ ಕುಡಿದರೆ, ಊಟದ ಜೊತೆ ಕುಡಿದರೆ, ಇಷ್ಟು ಎತ್ತರಕ್ಕೆ ಏರದೇ ಇರಬಹುದು. ಆದರೆ ಮನೆಯಲ್ಲಿ ಅಂದಾಜಿನ ಮೇಲೆ ಸುರಿಯುವ ಪೆಗ್ 60ಕ್ಕೆ ನಿಲ್ಲುವುದು ಅಪರೂಪ ಅಲ್ವಾ, ಅದನ್ನೂ ಹಿಡಿದುಕೊಳ್ಳಿ.

ಇಳಿಯುವ ಲೆಕ್ಕ ಇದಕ್ಕಿಂತ ಮುಖ್ಯ. ಲಿವರ್ 100 ಎಂಎಲ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ, ಕೆಲವರಲ್ಲಿ 10, ಕೆಲವರಲ್ಲಿ 20. ಅದರ ಕೆಲಸದ ವೇಗ ಅಷ್ಟೇ. ಮಜ್ಜಿಗೆ, ಲಿಂಬೆಹಣ್ಣು, ಕಡಕ್ ಚಹಾ, ತಣ್ಣೀರು ಸ್ನಾನ, ವಾಂತಿ ಮಾಡಿಕೊಳ್ಳುವುದು, ಇದ್ಯಾವುದೂ ರಕ್ತದಲ್ಲಿ ಸೇರಿದ್ದನ್ನು ಬೇಗ ಇಳಿಸಲ್ಲ. ಚಹಾ ಕುಡಿದರೆ ನಿದ್ದೆ ಹೋಗಬಹುದು, ನಶೆ ಹೋಗಲ್ಲ. ಏಲಕ್ಕಿ, ಪಾನ್, ಗುಟ್ಕಾ ವಾಸನೆ ಮುಚ್ಚಬಹುದು, ಆದರೆ ಪೊಲೀಸರ ಮಷೀನು ಅಳೆಯುವುದು ಶ್ವಾಸಕೋಶದಿಂದ ಬರುವ ಗಾಳಿಯನ್ನು, ಬಾಯಿಯ ವಾಸನೆಯನ್ನಲ್ಲ.

ಒಂದು ಮದುವೆ ಮನೆ ತೊಗೊಳ್ಳಿ. ಹಿಂದಿನ ರಾತ್ರಿ 9 ಗಂಟೆಗೆ ಶುರು, ಸಾವಜಿ ಊಟ, ಶೇಂಗಾ, ಮಾತು, ಒಟ್ಟು ಒಂದು ಕ್ವಾರ್ಟರ್, ಮೇಲೆ ಒಂದು ನೈಂಟಿ. 70 ಕೆಜಿಯವನಿಗೆ ಪೂರಾ ಲೆಕ್ಕ 192. ಮಲಗಿ ಎದ್ದು, ಮುಖ ತೊಳೆದು, ಹೊಸ ಅಂಗಿ ಹಾಕಿಕೊಂಡು ಬೆಳಿಗ್ಗೆ 6ಕ್ಕೆ ಬೆಳಗಾವಿಯಿಂದ ವಿಜಯಪುರಕ್ಕೆ ಮಂದಿಯನ್ನು ಕೂಡಿಸಿಕೊಂಡು ಗಾಡಿ ಬಿಡುತ್ತಾನೆ. ಶುರುವಾದಾಗಿನಿಂದ 9 ಗಂಟೆ, ಗಂಟೆಗೆ 15ರಂತೆ 135 ಇಳಿದಿದೆ. ಇನ್ನೂ 57 ಉಳಿದಿದೆ, ಅಂದರೆ ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟು. ಅದು 30ಕ್ಕೆ ಇಳಿಯುವುದು ಸುಮಾರು ಮುಂಜಾನೆ 7.45ಕ್ಕೆ, ಪೂರ್ತಿ ಹೋಗುವುದು 9.45ಕ್ಕೆ. ರಾತ್ರಿ ಗಾಡಿ ಮುಟ್ಟದ ಜಾಣರೂ ಎಡವುವುದು ಈ ಬೆಳಗಿನ ಹೊತ್ತಿನಲ್ಲಿ. ಗೋವಾದಲ್ಲಿ ತಡರಾತ್ರಿವರೆಗೆ ಕುಡಿದು ಬೆಳಕು ಹರಿಯುತ್ತಲೇ ಚೋರ್ಲಾ ಘಾಟಿನ ತಿರುವು ಹತ್ತುವವರದೂ ಇದೇ ಕತೆ.

ಇನ್ನು ಯಾವ ಮಟ್ಟಕ್ಕೆ ಮೈಯಲ್ಲಿ ಏನಾಗುತ್ತದೆ ಅಂತ. 20-30ರಲ್ಲಿ ಮನಸ್ಸು ಹಗುರ, ಮಾತು ಜಾಸ್ತಿ. ಹೊರಗೆ ಏನೂ ಕಾಣಲ್ಲ, ಆದರೆ ಎರಡು ಕಡೆ ಒಟ್ಟಿಗೆ ಗಮನ ಇಡುವ ಶಕ್ತಿ ಆಗಲೇ ಕಡಿಮೆಯಾಗಿರುತ್ತದೆ. 50ರ ಹೊತ್ತಿಗೆ ಓಡುವ ವಸ್ತುವಿನ ಮೇಲೆ ಕಣ್ಣು ಸರಿಯಾಗಿ ನಿಲ್ಲಲ್ಲ. 80ಕ್ಕೆ ಕೈಕಾಲಿನ ಹಿಡಿತ, ಬ್ರೇಕ್ ಒತ್ತುವ ಚುರುಕು ಎರಡೂ ಕುಗ್ಗುತ್ತವೆ, ಧೈರ್ಯ ಮಾತ್ರ ಏರಿರುತ್ತದೆ. ಜಮಖಂಡಿ, ಮುಧೋಳ ಕಡೆ ಕಬ್ಬಿನ ಸೀಸನ್ನಿನಲ್ಲಿ ರಾತ್ರಿ ಓಡಾಡಿದವರಿಗೆ ಗೊತ್ತು, ಮುಂದೆ ಕತ್ತಲಲ್ಲಿ ಟ್ರ್ಯಾಕ್ಟರ್ ಹೋಗುತ್ತಿರುತ್ತದೆ, ಹಿಂದೆ ಎರಡು ಟ್ರೇಲರ್, ಹೊರಗೆ ಚಾಚಿದ ಕಬ್ಬು, ಹಿಂದಿನ ಲೈಟು ಇಲ್ಲ, ರಿಫ್ಲೆಕ್ಟರ್ ಇದ್ದರೂ ಧೂಳು ಹಿಡಿದಿರುತ್ತದೆ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಓಡುತ್ತದೆ. ಬ್ರೇಕಿಗೆ ಕಾಲು ಹೋಗುವುದು ಅರ್ಧ ಸೆಕೆಂಡ್ ತಡವಾದರೆ 8 ಮೀಟರ್ ಹೋಯಿತು. ಕುಡಿಯದವನಿಗೇ ಕಷ್ಟದ ರಸ್ತೆ ಅದು.

100 ದಾಟಿದರೆ ನಾಲಿಗೆ ತೊದಲುತ್ತದೆ. 150ರ ಆಸುಪಾಸು ತೂರಾಟ, ವಾಂತಿ. 200 ಮೇಲೆ ಗೊಂದಲ, ಮರುದಿನ ಏನೂ ನೆನಪಿರದೇ ಇರಬಹುದು. 300 ಮೇಲೆ ಪ್ರಜ್ಞೆ ತಪ್ಪಬಹುದು. 400ರ ಹತ್ತಿರ ಉಸಿರಾಟವೇ ನಿಲ್ಲುವ ಭಯ. ದಿನಾ ಕುಡಿಯುವವನು 150ರಲ್ಲೂ ನೆಟ್ಟಗೆ ನಿಂತು "ನನಗೇನೂ ಏರಿಲ್ಲಲೇ, ಕೂಡು" ಅನ್ನಬಹುದು. ರೂಢಿ ಆಗಿರುವುದರಿಂದ ತೂರಾಟ ಕಾಣಲ್ಲ ಅಷ್ಟೇ, ರಕ್ತದಲ್ಲಿರುವುದು ಅಷ್ಟೇ ಇರುತ್ತದೆ.

ಜೊತೆಯಲ್ಲಿದ್ದವನು ಎಬ್ಬಿಸಿದರೂ ಏಳದಿದ್ದರೆ "ಮಲಗಲಿ ಬಿಡು, ಬೆಳಿಗ್ಗೆ ಸರಿ ಹೋಗ್ತಾನೆ" ಅಂತ ಬಿಡಬೇಡಿ. ಹೊಟ್ಟೆಯಲ್ಲಿ ಉಳಿದದ್ದು ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ, ಮಲಗಿದ ಮೇಲೂ ಮಟ್ಟ ಏರಬಹುದು. ಅಂಗಾತ ಮಲಗಿಸಬೇಡಿ, ವಾಂತಿ ಉಸಿರಿನ ನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲು ಮಡಚಿ ಮುಂದಿಡಿ, ಬಾಯಿಗೆ ಏನೂ ಹಾಕಬೇಡಿ, ಪಕ್ಕದಲ್ಲೇ ಕೂತಿರಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆ ಇದ್ದರೆ, ತುಟಿ ನೀಲಿಯಾದರೆ, ಮೈ ತಣ್ಣಗಾದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಫೋನ್ ಮಾಡಿ. ಶುಗರ್ ಇದ್ದು ಇನ್ಸುಲಿನ್ ಅಥವಾ ಗುಳಿಗೆ ತೊಗೊಳ್ಳುವವರ ಮೇಲಂತೂ ಕಣ್ಣಿಡಿ. ಆಲ್ಕೋಹಾಲ್ ಒಳಗಿರುವಾಗ ಲಿವರ್ ರಕ್ತಕ್ಕೆ ಸಕ್ಕರೆ ಬಿಡುವುದು ಕಡಿಮೆಯಾಗಿ, ಕುಡಿದ ಎಷ್ಟೋ ಗಂಟೆ ಮೇಲೆ ಶುಗರ್ ಕುಸಿಯಬಹುದು. ನೋಡುವವರಿಗೆ ಅದು ನಶೆಯ ಹಾಗೇ ಕಾಣುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಮೊದಲು ಅದರಲ್ಲಿ ಶುಗರ್ ನೋಡಿ.

ಕಳ್ಳಬಟ್ಟಿಗೆ ಈ ಲೆಕ್ಕ ಯಾವುದೂ ನಡೆಯಲ್ಲ. ಅದರಲ್ಲಿ ಎಷ್ಟು ಶೇಕಡಾ ಇದೆ ಅಂತ ಗೊತ್ತಿರಲ್ಲ, ಮೆಥನಾಲ್ ಸೇರಿದ್ದರೆ ಅದು ವಿಷವೇ. ಕುಡಿದು ಅರ್ಧ ದಿನ, ಒಂದು ದಿನ ಕಳೆದ ಮೇಲೆ ಕಣ್ಣು ಮಂಜಾದರೆ, ಹೊಟ್ಟೆನೋವು, ವಾಂತಿ ಬಂದರೆ ಸೀದಾ ದೊಡ್ಡ ದವಾಖಾನೆಗೆ ಒಯ್ಯಿರಿ, ಏನು ಕುಡಿದದ್ದು ಅಂತ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಹಾಗೆಯೇ ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಇದನ್ನೆಲ್ಲ ಓದಿ ನಾಳೆಯಿಂದಲೇ ಒಮ್ಮೆಗೇ ಬಿಡಲು ಹೋಗಬೇಡಿ. ಕೈ ನಡುಕದಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು. ಡಾಕ್ಟರ ಹತ್ತಿರ ಕೇಳಿಕೊಂಡೇ ಬಿಡಬೇಕು. ಯಾರ ಹತ್ತಿರ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.